ಡಾಕ್ಟರ ಚೀಟಿ ತಿದ್ದುತ್ತಿದ್ದವರು

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಸತ್ತವರ ಬಗ್ಗೆ ಅವಳು ಆಡಿದಷ್ಟು ಕೆಟ್ಟದ್ದನ್ನು ಪುರವರ ಹೋಬಳಿಯಲ್ಲೇ ಇನ್ಯಾರೂ ಆಡಿರಲಾರರು. ಕೇಳಿದರೆ, ‘ನಾನೆಲ್ಲಿ ಕೆಟ್ಟದ್ದು ಅಂದೆ, ಇದ್ದದ್ದು ಅಂದೆ’ ಎನ್ನುವಳು. ಆ ಅಜ್ಜಿಯ ಸೆರಗು ಹಿಡಿದು ಮಾತು ಕಲಿತವನು ನಾನು. ಹಾಗಾಗಿ ಇಲ್ಲಿ ಇದ್ದದ್ದನ್ನೇ ಬರೆಯುತ್ತೇನೆ.

ಹೋದ ತಿಂಗಳು ತೀರಿಕೊಂಡ ಈ ಮಹಾನುಭಾವರ ಹೆಸರನ್ನು ಮಾತ್ರ ಬರೆಯುವುದಿಲ್ಲ. ಮಕ್ಕಳು ಜಗಳಕ್ಕೆ ಬಂದಾರೆಂಬ ಭಯವೇನಿಲ್ಲ. ಆ ಹೆಸರು ಇನ್ನೊಂದು ಸಲ ಅಚ್ಚಾಗುವುದು ನನಗೆ ಬೇಡ, ಅಷ್ಟೆ. ಈಗಾಗಲೇ ಮಧುಗಿರಿಯ ಬಸ್ ಸ್ಟ್ಯಾಂಡಿನ ಎದುರು ಆಳೆತ್ತರದ ಫ್ಲೆಕ್ಸಿನಲ್ಲಿ ಅದು ಅಚ್ಚಾಗಿ ನಿಂತಿದೆ. ಹೆಸರಿನ ಕೆಳಗೆ ‘ಬಡವರ ವೈದ್ಯ’ ಎಂದು ಬರೆಸಿದ್ದಾರೆ. ಅವರು ವೈದ್ಯರಾಗಿರಲಿಲ್ಲ. ರಕ್ತ ಪರೀಕ್ಷೆಯ ಲ್ಯಾಬು ಇಟ್ಟುಕೊಂಡಿದ್ದರು. ಬಡವರ ರಕ್ತ ತೆಗೆದರು ಎಂಬುದಷ್ಟೇ ಆ ಎರಡು ಪದಗಳಲ್ಲಿರುವ ಸತ್ಯ.

ನಾನು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ನಮ್ಮ ಮನೆಗೂ ಅವರ ಲ್ಯಾಬಿಗೂ ನಡುವೆ ಒಂದೇ ಗೋಡೆ, ಅದೂ ಒಂದಿಟ್ಟಿಗೆಯ ಗೋಡೆ. ಹದಿನಾರು ವರ್ಷ ನಾನು ಅವರ ಮಾತು ಕೇಳಿಕೊಂಡೇ ಗಡ್ಡ ಹೆರೆದುಕೊಂಡಿದ್ದೇನೆ. ಬೆಳಿಗ್ಗೆ ಏಳಕ್ಕೆಲ್ಲ ಅವರ ಬಾಗಿಲಲ್ಲಿ ಜನ ಸೇರುತ್ತಿದ್ದರು. ದೊಡ್ಡೇರಿ ಕಡೆಯಿಂದ, ಕೊರಟಗೆರೆ ಕಡೆಯಿಂದ ಮೊದಲ ಬಸ್ಸಿಗೆ ಖಾಲಿ ಹೊಟ್ಟೆಯಲ್ಲಿ ಬಂದವರು. ಸಕ್ಕರೆ ಕಾಯಿಲೆಯವರು, ಬಸುರಿಯರು, ಬೀಡಿ ಸೇದುವಂತಿಲ್ಲ ಎಂದು ಚಡಪಡಿಸುವ ಮುದುಕರು. ಇವರು ಎಂಟೂವರೆಗೆ ಸ್ನಾನ ಮಾಡಿ, ಹಣೆಗೆ ಮೂರು ಬೆರಳು ವಿಭೂತಿ ಎಳೆದು, ಬಿಳಿ ಕೋಟು ತೊಟ್ಟು, ಕೈಯಲ್ಲಿ ಸ್ಟೀಲ್ ಲೋಟದ ಕಾಫಿ ಹಿಡಿದು ಬರುತ್ತಿದ್ದರು. ಅಷ್ಟೂ ಖಾಲಿ ಹೊಟ್ಟೆಗಳ ಎದುರು ಕುರ್ಚಿ ಹಾಕಿಕೊಂಡು ಸೊರ್ ಎಂದು ಸದ್ದು ಮಾಡಿ, ಗುಟುಕು ಗುಟುಕಾಗಿ ಕುಡಿಯುತ್ತಿದ್ದರು. ಲೋಟ ಮುಗಿಯುವವರೆಗೆ ಯಾರ ತೋಳಿಗೂ ಪಟ್ಟಿ ಬೀಳುತ್ತಿರಲಿಲ್ಲ. ಮನುಷ್ಯನನ್ನು ತಿಳಿಯಲು ನನಗೆ ಅಷ್ಟು ಸಾಕಿತ್ತು. ಆದರೂ ಹದಿನಾರು ವರ್ಷ ‘ನಮಸ್ಕಾರ ಸಾರ್’ ಅಂದೆ.

ಸುಳ್ಳು ಹೇಳಬಾರದು, ಸೂಜಿ ಹಿಡಿದ ಕೈ ಮಾತ್ರ ಚಿನ್ನ. ನರ ಸಿಗದ ಮುದುಕಿಯರ ಕೈಯಲ್ಲೂ ಒಂದೇ ಸಲಕ್ಕೆ ರಕ್ತ ಬರಿಸುತ್ತಿದ್ದರು. ಕೂಸುಗಳು ಅಳುವ ಮುಂಚೆ ಕೆಲಸ ಮುಗಿದಿರುತ್ತಿತ್ತು. ಕೊರೊನಾ ಕಾಲದಲ್ಲಿ ಬಸ್ಸಿಲ್ಲದಾಗ, ಹಾಸಿಗೆ ಹಿಡಿದ ಒಬ್ಬಳು ಅಜ್ಜಿಗೆಂದು ಮೊಪೆಡ್ಡಿನಲ್ಲಿ ಚನ್ನರಾಯನದುರ್ಗದವರೆಗೆ ಹೋಗಿ ಬಂದಿದ್ದೂ ನಿಜ. ಹೋಗಿ ಬಂದದ್ದು ಒಂದು ಸಲ. ಅದನ್ನು ನಾನು ಗೋಡೆಯ ಈಚೆಯಿಂದ ಕೇಳಿದ್ದು ಕಡಿಮೆಯೆಂದರೂ ಇನ್ನೂರು ಸಲ. ಪ್ರತಿ ಸಲವೂ ದುರ್ಗ ಇನ್ನಷ್ಟು ದೂರವಾಗುತ್ತಿತ್ತು, ದಾರಿಯಲ್ಲಿ ಪೊಲೀಸರು ಜಾಸ್ತಿಯಾಗುತ್ತಿದ್ದರು. ಕೊನೆಕೊನೆಗೆ ಒಂದು ಚಿರತೆಯೂ ಬಂತು.

ಸೂಜಿ ಹಿಡಿದಲ್ಲಿಗೆ ನಿಲ್ಲಿಸಿದ್ದರೆ ನಾನೂ ಆ ಫ್ಲೆಕ್ಸಿಗೆ ಕೈ ಮುಗಿಯುತ್ತಿದ್ದೆ. ಅವರು ನಿಲ್ಲಿಸಲಿಲ್ಲ. ನಮ್ಮ ಕಡೆ ಒಂದು ಪದ್ಧತಿ ಇದೆ. ರಕ್ತದ ರಿಪೋರ್ಟು ಬಂದರೆ ಅದನ್ನು ಬರೆಸಿದ ಡಾಕ್ಟರಿಗೆ ತೋರಿಸುವ ಮೊದಲು ಅದನ್ನು ಕೊಟ್ಟವನನ್ನೇ ಕೇಳುವುದು. ಡಾಕ್ಟರೆಂದರೆ ಭಯ, ಮತ್ತೊಮ್ಮೆ ಬಸ್ಸು, ಮತ್ತೊಮ್ಮೆ ಸಾಲು. ಲ್ಯಾಬಿನವನೆಂದರೆ ನಮ್ಮವನೇ. ‘ಏನೈತೆ ನೋಡಿ ಹೇಳಿ ಸಾರ್’ ಎಂಬ ಆ ಒಂದು ಮಾತೇ ಅವರನ್ನು ಕೆಡಿಸಿದ್ದು. ಓದುವ ಕನ್ನಡಕವನ್ನು ಹಣೆಯ ಮೇಲಕ್ಕೆ ಏರಿಸಿ, ಕಾಗದವನ್ನು ಮಾರುದ್ದ ಹಿಡಿದು, ‘ಹ್ಞೂ’ ಎನ್ನುತ್ತಿದ್ದರು. ಜನ ಅದನ್ನು ಪಾಂಡಿತ್ಯ ಎಂದುಕೊಂಡರು. ಕನ್ನಡಕವಿಲ್ಲದೆ ಅವರಿಗೆ ಕಾಣುತ್ತಿದ್ದದ್ದು ಮಿಷನ್ನು ದಪ್ಪಕ್ಷರದಲ್ಲಿ ಹೊಡೆದದ್ದು ಮಾತ್ರ ಎಂದು ನನಗೆ ಗೊತ್ತಾಗುವುದಕ್ಕೆ ಕೆಲವು ವರ್ಷ ಹಿಡಿಯಿತು. ದಪ್ಪಕ್ಷರ ಇದ್ದರೆ ಕಾಯಿಲೆ. ಇಲ್ಲದಿದ್ದರೆ ಹೋಗಿ ಮುದ್ದೆ ಹೊಡಿ.

ಆಮೇಲೆ ರಿಪೋರ್ಟಿನಿಂದ ಚೀಟಿಗೆ ಬಂದರು. ಡಾಕ್ಟರು ಬರೆದ ಪರೀಕ್ಷೆಗಳ ಚೀಟಿಯನ್ನು ಕೆಂಪು ಪೆನ್ನಿನಲ್ಲಿ ತಿದ್ದುವುದು. ಇದು ಬೇಡ, ಅದು ದಂಡ, ಇದನ್ನು ಬರೆಯುವುದು ಮರೆತಿದ್ದಾನೆ. ಪಾವಗಡದ ಕಡೆಯ ಒಬ್ಬ ಹಿರಿಯರು ಒಮ್ಮೆ ಮೂತ್ರಪಿಂಡದ ಎರಡು ಪರೀಕ್ಷೆ ಬರೆಸಿಕೊಂಡು ಬಂದಿದ್ದರು. ಇವರು ಒಂದನ್ನು ಹೊಡೆದು ಹಾಕಿದರು. ಹಿರಿಯರು ಕೈ ಮುಗಿದು, ತೆಲುಗು ಬೆರೆಸಿ, ‘ಕಾದು ಸ್ವಾಮಿ, ಡಾಕ್ಟ್ರು ರೆಂಡೂ ಚೇಯಮನ್ನಾರು, ಎರಡೂ ಮಾಡ್ಲೇಬೇಕಂತೆ’ ಎಂದು ಗೋಗರೆದರು. ಅದಕ್ಕೆ ಇವರು ಬೀದಿಗೆಲ್ಲ ಕೇಳುವಂತೆ ತಮ್ಮ ವೇದವಾಕ್ಯವನ್ನು ಹೇಳಿದರು. ‘ನೋಡು ಯಜಮಾನ, ಓದಿ ಬಂದೋರಿಗೆ ಪುಸ್ತಕ ಗೊತ್ತು. ನನಗೆ ರಕ್ತ ಗೊತ್ತು.’

ಈ ಮಾತನ್ನು ಅವರು ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದರು. ಒಬ್ಬರೇ ಒಬ್ಬರು ಎದುರಾಡಿದ್ದನ್ನು ನಾನು ಕೇಳಿದ್ದೇನೆ. ಸಿರಾದಿಂದ ಬರುತ್ತಿದ್ದ ಲಾರಿ ಮೆಕ್ಯಾನಿಕ್ ಸಾಬರು, ತೋಳಿಗೆ ಹತ್ತಿ ಒತ್ತಿಕೊಂಡು ನಿಂತವರು, ‘ಖೂನ್ ನಮ್ದು ಸಾಬ್, ಬಾತ್ ಎಲ್ಲಾ ನಿಮ್ದೇ’ ಎಂದು ನಕ್ಕು ಹೋದರು. ಇವರಿಗೆ ಅದು ಹೊಗಳಿಕೆಯಾಗಿ ಕೇಳಿಸಿತು. ವಾರಗಟ್ಟಲೆ ಬಂದವರಿಗೆಲ್ಲ ಹೇಳಿಕೊಂಡರು.

ಇಷ್ಟರವರೆಗೆ ನನಗಿದ್ದದ್ದು ಬರೀ ತಾತ್ಸಾರ. ಅಂಥವರು ಊರಿಗೆ ಇಬ್ಬರು ಇದ್ದೇ ಇರುತ್ತಾರೆ ಎಂದು ನಕ್ಕು ಸುಮ್ಮನಾಗುತ್ತಿದ್ದೆ. ನಗು ನಿಂತದ್ದು ನಮ್ಮಕ್ಕನ ವಿಷಯದಲ್ಲಿ.

ಅಕ್ಕ ನನಗಿಂತ ಹನ್ನೊಂದು ವರ್ಷಕ್ಕೆ ದೊಡ್ಡವಳು. ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಕಳೆ ಕಿತ್ತವಳು. ಪುರವರದ ಹತ್ತಿರದ ಹಳ್ಳಿಗೆ ಕೊಟ್ಟಿದೆ. ಭಾವ, ಮೂರು ಸೀಮೆ ಹಸು, ಬೆಳಿಗ್ಗೆ ಸಂಜೆ ಡೇರಿಗೆ ಹಾಲು, ಇದು ಅವಳ ಸಂಸಾರ. ಮಾತು ಎಂದರೆ ಮಾತು. ಬಾವಿಗೆ ಕೊಡ ಬಿಟ್ಟ ಹಾಗೆ ಒಂದೇ ಸಮನೆ. ಅಂಥವಳಿಗೆ ಒಂದು ವರ್ಷ ತಲೆನೋವು ಹಿಡಿಯಿತು. ಆಮೇಲೆ ಬಾಗಿಲ ದಾರಂದಕ್ಕೆ ಭುಜ ಹೊಡೆದುಕೊಳ್ಳತೊಡಗಿದಳು. ಪಕ್ಕದಲ್ಲಿ ನಿಂತ ಹಸು ಕೊಂಬು ತಿವಿಯುವವರೆಗೆ ಕಾಣುತ್ತಿರಲಿಲ್ಲ. ಕನ್ನಡಕ ಎರಡು ಸಲ ಬದಲಾಯಿತು. ಕೊರಟಗೆರೆಯ ಕಣ್ಣಿನ ಕ್ಯಾಂಪಿನಲ್ಲಿ ಒಬ್ಬ ಹುಡುಗುಪ್ರಾಯದ ಡಾಕ್ಟರು ‘ನನ್ನ ಮೂಗು ನೋಡಿ ಅಮ್ಮ’ ಎಂದು ಹೇಳಿ, ಎರಡೂ ಪಕ್ಕದಲ್ಲಿ ಬೆರಳು ಆಡಿಸಿದರು. ಅಕ್ಕನಿಗೆ ಮೂಗು ಕಂಡಿತು, ಬೆರಳು ಕಾಣಲಿಲ್ಲ. ಅವರೇ ಸ್ಕ್ಯಾನಿಗೆ ಬರೆದರು. ಮೆದುಳಿನ ಬುಡದಲ್ಲಿ ಪಿಟ್ಯುಟರಿ ಎಂಬ ಗ್ರಂಥಿ ಇದೆಯಂತೆ, ಅವರೆಕಾಳಿನಷ್ಟು. ಅದರಲ್ಲಿ ಬೆಟ್ಟದ ನೆಲ್ಲಿಕಾಯಿಯಷ್ಟು ಗೆಡ್ಡೆ ಬೆಳೆದು ಕಣ್ಣಿನ ನರವನ್ನು ಒತ್ತುತ್ತಿತ್ತು.

ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಮೂಗಿನ ಒಳಗಿನಿಂದಲೇ ಅದನ್ನು ತೆಗೆದರು. ಆಪರೇಷನ್ನಿನ ಹಿಂದಿನ ದಿನ ಅಕ್ಕ ಕೇಳಿದ್ದು ಒಂದೇ, ‘ಮೂಗುಬೊಟ್ಟು ಬಿಚ್ಚಬೇಕೇನಮ್ಮಾ, ಇಲ್ಲಾ ನೀವೇ ಸಂದಿ ಮಾಡ್ಕೊಂಡು ಹೋಗ್ತೀರಾ’ ಅಂತ. ನರ್ಸುಗಳೆಲ್ಲ ಬಂದು ನೋಡಿಕೊಂಡು ಹೋದರು. ಒಂದು ವಾರಕ್ಕೆ ಪಕ್ಕದ ಹಾಸಿಗೆಯ ಮುದುಕಿ ಕದ್ದು ಬಾಳೆಹಣ್ಣು ತಿನ್ನುವುದೂ ಅಕ್ಕನಿಗೆ ಕಾಣತೊಡಗಿತು. ನಮಗೆ ಅಷ್ಟು ಸಾಕಿತ್ತು.

ಡಿಸ್ಚಾರ್ಜಿನ ದಿನ ಡಾಕ್ಟರು ನನ್ನನ್ನು ಕೂರಿಸಿಕೊಂಡು ಎರಡು ಮಾತ್ರೆಗಳ ವಿಷಯ ಹೇಳಿದರು. ಆಪರೇಷನ್ ಆದಮೇಲೆ ಆ ಗ್ರಂಥಿ ಮಾಡಬೇಕಾದ ಕೆಲವು ಕೆಲಸ ನಿಂತುಹೋಗಿದೆ, ಅದಕ್ಕೆ ಬದಲು ಈ ಮಾತ್ರೆ. ಒಂದು ಸ್ಟಿರಾಯ್ಡು, ಅದನ್ನು ಒಂದು ದಿನವೂ ತಪ್ಪಿಸಬಾರದು, ಜೀವಕ್ಕೆ ಅಪಾಯ. ಇನ್ನೊಂದು ಬೆಳಿಗ್ಗೆ ಖಾಲಿ ಹೊಟ್ಟೆಗೆ ಥೈರಾಯ್ಡಿನದು. ಮೂರು ತಿಂಗಳಿಗೆ ರಕ್ತ ಪರೀಕ್ಷೆ ಮಾಡಿಸಿ ಫೋನಿನಲ್ಲಿ ಕಳಿಸಿ ಎಂದು ಒಂದು ಚೀಟಿ ಬರೆದರು. ಅದರಲ್ಲಿ ಇದ್ದದ್ದು ಒಂದೇ ಸಾಲು: ಫ್ರೀ ಟಿ ಫೋರ್. ಥೈರಾಯ್ಡಿಗೆಂದು ಎಲ್ಲರಿಗೂ ಮಾಡುವ ಟಿಎಸ್‌ಎಚ್ ಪರೀಕ್ಷೆ ನಿಮ್ಮಕ್ಕನಿಗೆ ಬೇಡ, ಅದನ್ನು ನೋಡಿ ಅವರ ಮಾತ್ರೆ ಹೆಚ್ಚು ಕಡಿಮೆ ಮಾಡಬಾರದು ಎಂದೂ ಹೇಳಿದರು. ನಾನು ತಲೆಯಾಡಿಸಿದೆ. ಅರ್ಥವಾಗಿತ್ತೇ ಎಂದು ಈಗ ಕೇಳಿಕೊಂಡರೆ, ಇಲ್ಲ. ಕಚೇರಿಯಲ್ಲಿ ಸಾಹೇಬರ ಮುಂದೆ ಆಡಿಸಿ ಆಡಿಸಿ ಅಭ್ಯಾಸವಾದ ತಲೆ ಅದು.

ಮೂರು ತಿಂಗಳಿಗೆ ಅಕ್ಕ ಮಧುಗಿರಿಗೆ ಬಂದಳು. ಗೋಡೆಯ ಆಚೆಗೇ ಲ್ಯಾಬು ಇರುವಾಗ ತುಮಕೂರಿಗೇಕೆ ಹೋಗುವುದು ಎಂದು ಕರೆದುಕೊಂಡು ಹೋದವನು ನಾನೇ. ಆ ಮನುಷ್ಯ ಚೀಟಿ ನೋಡಿದರು. ಕನ್ನಡಕ ಹಣೆಗೇರಿತು. ‘ಟಿಎಸ್‌ಎಚ್ ಬರೆಯೋದೇ ಮರ್ತವ್ರಲ್ರೀ ಇವ್ರು’ ಎಂದು ನಕ್ಕರು. ಕೆಂಪು ಪೆನ್ನಿನಲ್ಲಿ ಟಿ ಫೋರ್ ಹೊಡೆದು, ಮೇಲೆ ಟಿಎಸ್‌ಎಚ್ ಎಂದು ಬರೆದರು. ಅದು ಮಾಡಿದರೆ ಥೈರಾಯ್ಡಿನ ಜಾತಕವೇ ಬರುತ್ತದೆ, ಟಿ ಫೋರ್ ಆದರೆ ಸುಮ್ಮನೆ ತುಮಕೂರಿಗೆ ಕಳಿಸಬೇಕು, ಎರಡು ದಿನ ದಂಡ ಎಂದರು. ನಾನು ಮೆಲ್ಲಗೆ, ಡಾಕ್ಟರು ಟಿ ಫೋರ್ ಒಂದೇ ಸಾಕು ಎಂದು ಹೇಳಿದ್ದರು ಎಂದೆ.

‘ಗುಮಾಸ್ತ್ರೇ, ನಿಮ್ಮ ಪಹಣಿ ವಿಷ್ಯದಾಗೆ ನಾನು ಬಾಯಿ ಹಾಕ್ತೀನಾ?’

ಕಾಯುತ್ತಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆ ನಗುವನ್ನು ಇವತ್ತಿಗೂ ನನ್ನ ಮುಖದಿಂದ ತೊಳೆಯುವುದಕ್ಕೆ ಆಗಿಲ್ಲ. ಪರರ ಆಸ್ತಿಯ ಪಹಣಿಯಲ್ಲಿ ಒಂದು ಗುಂಟೆ ಹೆಚ್ಚು ಕಡಿಮೆಯಾದರೆ ರಾತ್ರಿಯೆಲ್ಲ ನಿದ್ದೆ ಕೆಡಿಸಿಕೊಳ್ಳುವವನು, ಅಕ್ಕನ ಚೀಟಿಯಲ್ಲಿ ಇಡೀ ಸಾಲನ್ನೇ ಹೊಡೆದು ಹಾಕಿದರೆ ಹಲ್ಲು ಕಿರಿದು ನಿಂತೆ.

ಸಂಜೆ ರಿಪೋರ್ಟು ಬಂತು. ಟಿಎಸ್‌ಎಚ್ ತೀರಾ ಕೆಳಗಿತ್ತು, ದಪ್ಪಕ್ಷರದಲ್ಲಿತ್ತು. ಅವರ ಮುಖ ಅರಳಿತು. ‘ನೋಡಮ್ಮ, ಮಾತ್ರೆ ಜಾಸ್ತಿಯಾಗಿ ಇದು ನೆಲಕ್ಕೆ ಬಿದ್ದೈತೆ. ಇಂಗೇ ನುಂಗ್ತಾ ಹೋದ್ರೆ ಎದೆ ಹೊಡ್ಕೊಂಡು ಹೋಗ್ತೀಯ. ಇವತ್ತಿಂದ ಬುಟ್ಬುಡು’ ಎಂದರು. ಸ್ಟಿರಾಯ್ಡಿನ ಮಾತ್ರೆಗೆ ಅವರು ಕೈ ಹಾಕಲಿಲ್ಲ, ಹಾಕಿದ್ದರೂ ಅಕ್ಕ ಬಿಡುತ್ತಿರಲಿಲ್ಲ. ಜೀವಕ್ಕೆ ಅಪಾಯ ಎಂಬ ಡಾಕ್ಟರ ಮಾತು ಅಕ್ಕನ ಕಿವಿಯಲ್ಲಿ ಗಟ್ಟಿಯಾಗಿ ಕೂತಿತ್ತು. ಅಷ್ಟೇ ನಮ್ಮ ಪುಣ್ಯ. ಬೆಂಗಳೂರಿಗೆ ಒಂದು ಫೋನು ಮಾಡಿ ಕೇಳಲೇ ಎಂದೆ. ಅಲ್ಲಿಯ ಡಾಕ್ಟರಿಗೆ ಸಾವಿರ ಜನ, ನಿಮ್ಮಕ್ಕನ ಮುಖವಾದರೂ ನೆನಪಿದೆಯಾ, ನಾನು ನೋಡುತ್ತಿದ್ದೇನಲ್ಲ ಎಂದರು. ಅಕ್ಕನಿಗೂ ಸಮಾಧಾನವಾಯಿತು. ಖಾಲಿ ಹೊಟ್ಟೆಯಲ್ಲಿ ಮಾತ್ರೆ ನುಂಗಿ ಅರ್ಧ ಗಂಟೆ ಕಾಫಿಗೆ ಕಾಯುವುದು ಅವಳಿಗೆ ಆಗದ ಕೆಲಸವಾಗಿತ್ತು. ಸೂಜಿ ಚುಚ್ಚಿದ್ದೇ ಗೊತ್ತಾಗಲಿಲ್ಲ, ಒಳ್ಳೇ ಮನುಷ್ಯ ಎಂದು ದಾರಿಯುದ್ದಕ್ಕೂ ಹೊಗಳಿದಳು.

ಎರಡು ತಿಂಗಳಾದ ಮೇಲೆ ಇನ್ನೊಮ್ಮೆ ಪರೀಕ್ಷೆ ಮಾಡಿದರು, ಮತ್ತೆ ಟಿಎಸ್‌ಎಚ್. ಈ ಸಲ ಅದು ದಪ್ಪಕ್ಷರ ಬಿಟ್ಟು ಸಾಧಾರಣ ಅಕ್ಷರಕ್ಕೆ ಬಂದಿತ್ತು. ಅವರು ಆ ಕಾಗದವನ್ನು ಬಾಗಿಲಲ್ಲಿ ನಿಂತು ಬಾವುಟದಂತೆ ಆಡಿಸಿದರು. ಮಾತ್ರೆ ಬಿಟ್ಟರೂ ನಾರ್ಮಲ್, ಅಂದರೆ ಕಾಯಿಲೆಯೇ ಇರಲಿಲ್ಲ, ದೊಡ್ಡಾಸ್ಪತ್ರೆಯವರು ಸುಮ್ಮನೆ ತಿನ್ನಿಸುತ್ತಿದ್ದರು ಎಂದು ಸಾರಿದರು. ಅದೇ ಹೊತ್ತಿಗೆ ಅಕ್ಕ ಅವರ ಎದುರಿನ ಬೆಂಚಿನ ಮೇಲೆ, ಬೇಸಗೆಯ ಬಿಸಿಲಿನಲ್ಲಿ, ಭಾವನ ಟವೆಲನ್ನು ಹೊದ್ದು ಕೂತಿದ್ದಳು. ಮುಖ ಊದಿತ್ತು. ಹುಬ್ಬಿನ ಕೂದಲು ಅರ್ಧಕ್ಕೆ ನಿಂತಿತ್ತು. ರಕ್ತ ಗೊತ್ತಿದ್ದವರು ಮನುಷ್ಯರ ಮುಖದ ಕಡೆ ತಿರುಗಿ ನೋಡಲಿಲ್ಲ.

ಊರಲ್ಲಿ ಜನ, ಆಪರೇಷನ್ ಆದಮೇಲೆ ಮೈ ಕೈ ತುಂಬಿಕೊಂಡಿದ್ದಾಳೆ ಎಂದರು. ಮೈ ತುಂಬಿದ್ದು ನಿಜ, ಒಳಗಿನವಳು ಖಾಲಿಯಾಗುತ್ತಿದ್ದಳು. ಮಧುಗಿರಿ ಬೆಟ್ಟ ಕಾದ ಕಾವಲಿಯಂತೆ ಉರಿಯುವ ದಿನಗಳಲ್ಲಿ ಅವಳಿಗೆ ಕಂಬಳಿ ಬೇಕಾಯಿತು. ದನಿ ದಪ್ಪವಾಗಿ, ಗಂಡಸರ ದನಿಯಂತಾಯಿತು. ಏನಾದರೂ ಕೇಳಿದರೆ ಅವಳು ಉತ್ತರಕ್ಕೆ ಬಾಯಿ ತೆರೆಯುವಷ್ಟರಲ್ಲಿ ನಾವೇ ಪ್ರಶ್ನೆ ಮರೆತಿರುತ್ತಿದ್ದೆವು. ಕೊಟ್ಟಿಗೆಗೆ ಹೋದವಳು ಏಕೆ ಬಂದೆನೆಂದು ಮರೆತು ಹಸುವಿನ ಬೆನ್ನ ಮೇಲೆ ಕೈಯಿಟ್ಟುಕೊಂಡು ನಿಲ್ಲುತ್ತಿದ್ದಳಂತೆ. ಭಾವ ಹಾಲು ಕರೆಯುವುದನ್ನು ತಾವೇ ಮಾಡಿಕೊಂಡರು. ನಾನು ಆ ಮನುಷ್ಯನನ್ನು ಕೇಳಿದೆ. ‘ವಯಸ್ಸು ಗುಮಾಸ್ತ್ರೇ’ ಎಂದರು. ಅಕ್ಕನಿಗೆ ಆಗ ಐವತ್ತೆಂಟು. ಅವರಿಗೆ ಅರವತ್ತಾರು, ಮಾತಿಗೆ ಒಂದು ಕ್ಷಣ ತಡವರಿಸಿದವರಲ್ಲ.

ಒಂದು ದಿನ ಬೆಳಿಗ್ಗೆ ನಾನು ಕಚೇರಿಗೆ ಹೊರಡುವಾಗ ಭಾವನ ಫೋನು ಬಂತು. ಭಾವ ಮಾತು ಕಡಿಮೆಯ ಮನುಷ್ಯ. ‘ನಿಮ್ಮಕ್ಕ ಏಳ್ತಾ ಇಲ್ಲ ಕಣಪ್ಪ. ಉಸ್ರು ಐತೆ’ ಎಂದರು. ಆಂಬುಲೆನ್ಸಿನಲ್ಲಿ ತುಮಕೂರಿಗೆ ಹೋಗುವ ದಾರಿಯುದ್ದಕ್ಕೂ ಅವಳ ಕೈ ಹಿಡಿದುಕೊಂಡಿದ್ದೆ. ಮಣ್ಣಿನ ಮಡಕೆಯಷ್ಟು ತಣ್ಣಗಿತ್ತು.

ಆಸ್ಪತ್ರೆಯಲ್ಲಿ ನೋಡಿದವರು ಕೊರಟಗೆರೆ ಕಡೆಯ ಒಬ್ಬ ಹೆಣ್ಣುಮಗಳು, ಇನ್ನೂ ಮೂವತ್ತು ದಾಟಿರದ ಡಾಕ್ಟರು. ಹಳೆಯ ಕಾಗದಗಳನ್ನು ತಿರುವುತ್ತ, ಥೈರಾಯ್ಡ್ ಮಾತ್ರೆ ಏಕೆ ನಿಲ್ಲಿಸಿದಿರಿ ಎಂದು ಕೇಳಿದರು. ನಾನು ಎರಡು ರಿಪೋರ್ಟನ್ನೂ ಮುಂದಿಟ್ಟೆ, ನಾರ್ಮಲ್ ಬಂದಿತ್ತಲ್ಲ ಎಂದೆ. ಅವರು ಆ ಚೀಟಿಯನ್ನು ತೆಗೆದು, ಕೆಂಪು ಗೆರೆಯ ಕೆಳಗಿನ ಅಕ್ಷರವನ್ನು ಬೆಳಕಿಗೆ ಹಿಡಿದು ಓದಿದರು. ಮೊದಲು ಇಂಜೆಕ್ಷನ್ ಕೊಡಿಸಿ, ಐಸಿಯುಗೆ ಕಳಿಸಿ, ಆಮೇಲೆ ಬಂದು ನನಗೆ ತಿಳಿಯುವಂತೆ ಹೇಳಿದರು. ಥೈರಾಯ್ಡಿಗೆ ಕೆಲಸ ಮಾಡು ಎಂದು ಮೇಲಿನಿಂದ ಬರುವ ಕೂಗೇ ಟಿಎಸ್‌ಎಚ್. ಬೇರೆಯವರಲ್ಲಿ ಥೈರಾಯ್ಡು ಸೋತರೆ ಕೂಗು ಜೋರಾಗುತ್ತದೆ, ಅದನ್ನು ನೋಡಿ ಕಾಯಿಲೆ ಹೇಳಬಹುದು. ನಿಮ್ಮಕ್ಕನಿಗೆ ಕೂಗುವ ಗ್ರಂಥಿಗೇ ಆಪರೇಷನ್ ಆಗಿದೆ. ಅಲ್ಲಿ ಕೂಗು ಜೋರಾಗಿಲ್ಲ ಎಂದರೆ ಎಲ್ಲ ಸರಿಯಿದೆ ಎಂದು ಅರ್ಥವಲ್ಲ. ಥೈರಾಯ್ಡು ಮಾಡಿಕೊಡುವ ಸರಕೇ ಟಿ ಫೋರ್, ಇವರಲ್ಲಿ ಅದನ್ನೇ ಅಳೆದು ನೋಡಬೇಕು.

ನಾನು ಇನ್ನೂ ಪೆದ್ದನಂತೆ ನೋಡುತ್ತಿದ್ದೆನೋ ಏನೋ. ಅವರು ಇಂಗ್ಲಿಷು ಬಿಟ್ಟು, ನಮ್ಮ ಮನೆಯ ಹೆಣ್ಣುಮಕ್ಕಳ ಹಾಗೆ ಹೇಳಿದರು.

‘ಕೂಸು ಅಳ್ತಾ ಇಲ್ಲ ಅಂದ್ರೆ ಹೊಟ್ಟೆ ತುಂಬೈತೆ ಅಂತಲೇ ಅಲ್ಲ ಅಣ್ಣ. ಅಳೋಕೂ ತ್ರಾಣ ಇಲ್ದೆ ಮಲಗಿರ್ಬೋದು. ನಿಮ್ಮ ಲ್ಯಾಬಿನೋರು ಅಳು ಕೇಳುಸ್ಲಿಲ್ಲ ಅಂತ ಹಾಲು ನಿಲ್ಲಿಸ್ಬುಟ್ರು.’

ಆ ಸಂಜೆ ಟಿ ಫೋರ್ ಬಂತು. ಇರಬೇಕಾದದ್ದರಲ್ಲಿ ಕಾಲು ಭಾಗವೂ ಇರಲಿಲ್ಲ. ಐದು ದಿನ ಅಕ್ಕ ಐಸಿಯುನಲ್ಲಿ ಇದ್ದಳು. ಭಾವ ಹೊರಗಿನ ಬೆಂಚು ಬಿಟ್ಟು ಏಳಲಿಲ್ಲ. ಇವಳು ಹೋಗುತ್ತಾಳೆ ಎಂದು ನಾವಿಬ್ಬರೂ ಒಬ್ಬರಿಗೊಬ್ಬರು ಹೇಳಿಕೊಳ್ಳದೆ ಒಪ್ಪಿಕೊಂಡಿದ್ದೆವು. ಆರನೆಯ ದಿನ ಕಣ್ಣು ಬಿಟ್ಟು ನನ್ನನ್ನೇ ಬಹಳ ಹೊತ್ತು ನೋಡಿ, ಆ ದಪ್ಪ ದನಿಯಲ್ಲಿ ಒಂದೊಂದೇ ಪದ ಎತ್ತಿಟ್ಟಳು. ‘ಯಾಕ್ಲಾ... ಅಂಗ್ ನೋಡ್ತೀಯ. ನಾನೇನ್... ಸಿನ್ಮಾನಾ?’ ನಾನು ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತೆ.

ಅವಳು ಮೊದಲಿನ ವೇಗಕ್ಕೆ ಬರುವುದಕ್ಕೆ ಮೂರು ತಿಂಗಳು ಹಿಡಿಯಿತು. ಅಷ್ಟರಲ್ಲಿ ನಾನು ಒಂದು ದಿನ ಎರಡೂ ಕಾಗದ ಹಿಡಿದು ಗೋಡೆಯಾಚೆಗೆ ಹೋದೆ. ಜಗಳಕ್ಕೇ ಹೋದದ್ದು. ಆ ಮನುಷ್ಯ ತುಮಕೂರಿನ ಟಿ ಫೋರ್ ನೋಡಿದರು, ತಮ್ಮ ಟಿಎಸ್‌ಎಚ್ ನೋಡಿದರು. ನಾನು ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಹೇಳಿದೆ. ತಾಳ್ಮೆಯಿಂದ ಕೇಳಿ, ಬಹಳ ಸಮಾಧಾನದ ದನಿಯಲ್ಲಿ ಕೇಳಿದರು.

‘ನನ್ನ ನಂಬರ್ ತಪ್ಪಾ, ಹೇಳಿ?’

ನಂಬರು ತಪ್ಪಾಗಿರಲಿಲ್ಲ. ಆಮೇಲೆ, ತಾನು ಹೇಳಿದ್ದು ಬರೀ ಸಲಹೆ, ನುಂಗುವುದು ಬಿಡುವುದು ನಿಮ್ಮಿಷ್ಟ, ಕಾಫಿ ತರಿಸಲೇ ಎಂದರು. ಎದ್ದು ಬಂದೆ. ಆ ಕಾಫಿ ಬೇಡ ಎಂದದ್ದೊಂದೇ ಹದಿನಾರು ವರ್ಷದಲ್ಲಿ ನಾನು ತೋರಿಸಿದ ಗಂಡಸುತನ.

ಹೀಗೂ ಬಿಡಬಹುದಿತ್ತು. ಮನುಷ್ಯ ತಪ್ಪು ಮಾಡುತ್ತಾನೆ, ಒಪ್ಪಿಕೊಳ್ಳುವ ಧೈರ್ಯ ಎಲ್ಲರಿಗೂ ಇರುವುದಿಲ್ಲ ಎಂದುಕೊಳ್ಳಬಹುದಿತ್ತು. ಹದಿನೈದು ದಿನದ ಮೇಲೆ ಗಡ್ಡ ಹೆರೆಯುತ್ತಿದ್ದಾಗ ಗೋಡೆಯ ಆಚೆಯಿಂದ ಹೊಸ ಕತೆ ಕೇಳಿಸಿತು. ಯಾರೋ ಹೆಂಗಸಿಗೆ ಥೈರಾಯ್ಡ್ ಪರೀಕ್ಷೆಗೆ ಭಯವಂತೆ. ಇವರು ಧೈರ್ಯ ಹೇಳುತ್ತಿದ್ದರು: ಪಕ್ಕದ ಮನೆಯ ಗುಮಾಸ್ತರ ಅಕ್ಕ, ಬೆಂಗಳೂರಿನಲ್ಲಿ ಕೈ ಬಿಟ್ಟ ಕೇಸು, ನಾನು ಮುಖ ನೋಡಿದ್ದೇ ಥೈರಾಯ್ಡು ಬಿದ್ದುಹೋಗಿದೆ ಎಂದು ಹೇಳಿ ತಕ್ಷಣ ತುಮಕೂರಿಗೆ ಕಳಿಸಿದೆ, ಒಂದು ದಿನ ತಡವಾಗಿದ್ದರೆ ಹೋಗಿರುತ್ತಿದ್ದರು. ಬ್ಲೇಡು ಕೆನ್ನೆಯ ಮೇಲೆ ನಿಂತಿತು. ಕೆಟ್ಟವರನ್ನು ನಾನು ನೋಡಿದ್ದೇನೆ. ಕಚೇರಿಯಲ್ಲಿ ದಿನವೂ ನೋಡುತ್ತೇನೆ. ತನ್ನಿಂದಲೇ ಸಾಯಲಿದ್ದವಳನ್ನು ತಾನು ಬದುಕಿಸಿದೆನೆಂದು ಹೇಳಿಕೊಂಡು, ಹೇಳುತ್ತ ಹೇಳುತ್ತ ತಾನೇ ನಂಬಿಬಿಡುವ ಇಂಥ ಖಾಲಿ ಡಬ್ಬವನ್ನು ಮಾತ್ರ ಬೇರೆಲ್ಲೂ ನೋಡಿಲ್ಲ.

ಮುಂದಿನ ಪರೀಕ್ಷೆಯ ದಿನ ಬಂದಾಗ ತುಮಕೂರಿಗೆ ಹೋಗೋಣ ಎಂದು ಬಸ್ ಸ್ಟ್ಯಾಂಡಿಗೆ ಹೊರಟಿದ್ದೆವು. ಅಕ್ಕ ಲ್ಯಾಬಿನ ಮುಂದೆ ನಿಂತಳು. ನನಗೆ ಹೇಳದೆ ಕೇಳದೆ ಒಳಗೆ ಹೋಗಿ, ಬೆಂಚಿನ ಮೇಲೆ ಕಾಯುತ್ತಿದ್ದ ಏಳೆಂಟು ಜನರ ನಡುವೆ ಜಾಗ ಮಾಡಿಕೊಂಡು ಕೂತಳು. ಮೂರನೆಯ ಕ್ಲಾಸಿಗೇ ಶಾಲೆ ಬಿಟ್ಟವಳು ಅವಳು. ಅವಳ ಸರದಿ ಬಂತು. ಆ ಮನುಷ್ಯ ನಗುನಗುತ್ತ, ಏನಮ್ಮ ಚೆನ್ನಾಗಿದ್ದೀಯಾ ಎಂದು ಚೀಟಿಗೆ ಕೈ ಚಾಚಿದರು. ಅಕ್ಕ ಚೀಟಿ ಕೊಟ್ಟು, ತೋಳು ಮಾತ್ರ ಸೆರಗಿನ ಒಳಗೇ ಇಟ್ಟುಕೊಂಡಳು.

‘ಅದ್ರಾಗೆ ಏನ್ ಬರ್ದೈತೆ ಓದಪ್ಪ. ನಂಗೆ ಓದಾಕೆ ಬರಾಕಿಲ್ಲ.’

‘ಅದೇ ಥೈರಾಯ್ಡ್ ಟೆಸ್ಟು ಕಣಮ್ಮ.’

‘ಥೈರಾಯ್ಡ್ ಅಂತ ಬರ್ದೈತಾ? ಬರ್ದಿರೋದು ಓದು. ಎಲ್ಲಾರ್ಗೂ ಕೇಳಂಗೆ.’

ಬೆಂಚಿನ ಮೇಲಿದ್ದವರು ತಲೆಯೆತ್ತಿದರು. ಅವರು ಕನ್ನಡಕವನ್ನು ಕಣ್ಣಿಗೆ ಹಾಕಿಕೊಂಡರು.

‘ಫ್ರೀ ಟಿ ಫೋರ್.’

‘ಬೇರೆ ಏನಾರ ಐತಾ?’

‘ಇಲ್ಲಮ್ಮ.’

‘ಇಲ್ದಿದ್ದು ಮಾಡ್ಬ್ಯಾಡ. ಇರಾದು ಮಾಡು. ಕೈ ಹಿಡ್ಕೊ’ ಎಂದು ಅಕ್ಕ ತೋಳು ಚಾಚಿದಳು.

ಅವರು ಪಟ್ಟಿ ಬಿಗಿದು ರಕ್ತ ತೆಗೆದರು. ಎರಡು ದಿನಕ್ಕೆ ತುಮಕೂರಿನಿಂದ ರಿಪೋರ್ಟು ಬಂತು, ಒಂದೇ ಸಾಲಿನದು. ಫೋನಿನಲ್ಲಿ ನೋಡಿದ ಬೆಂಗಳೂರಿನ ಡಾಕ್ಟರು, ಎಷ್ಟಿರಬೇಕೋ ಅಷ್ಟಿದೆ, ಮಾತ್ರೆ ಹಾಗೇ ಮುಂದುವರಿಸಿ ಎಂದರು. ಅಕ್ಕನನ್ನು ಪುರವರದ ಬಸ್ಸಿಗೆ ಹತ್ತಿಸುವಾಗ ನಾನು ತಡೆಯಲಾರದೆ ಕೇಳಿದೆ, ಅಷ್ಟು ಜನರ ಮುಂದೆ ಕೂರಿಸಿ ಓದಿಸಿದೆಯಲ್ಲ, ತಪ್ಪಾಯಿತು ಎಂಬ ಒಂದು ಮಾತನ್ನೂ ಹೇಳಿಸಬಾರದಿತ್ತಾ ಎಂದು.

‘ಅದು ಆವಯ್ಯನ ಬಾಯಾಗೇ ಇಲ್ಲ ಕಣ್ಲಾ’ ಎಂದಳು ಅಕ್ಕ, ಕಿಟಕಿಯ ಪಕ್ಕ ಚೀಲ ಇಡುತ್ತ. ‘ಇಲ್ದಿದ್ದನ್ನ ಕೇಳಿ ನಾನೇನ್ ಮಾಡಾನ? ನಂಗೆ ನನ್ನ ಟಿ ಫೋರ್ ಬೇಕಿತ್ತು, ಈಸ್ಕೊಂಡೆ. ನಿಂಗೇನ್ ಬೇಕೋ ನೀನು ಕೇಳ್ಕೊ ಓಗು.’

ನಾನು ಕೇಳಲಿಲ್ಲ. ಇವತ್ತು ಕೇಳುತ್ತೇನೆ, ನಾಳೆ ಕೇಳುತ್ತೇನೆ ಎಂದು ಒಂದು ವರ್ಷ ಆ ಗೋಡೆಯ ಈಚೆಗೇ ಇದ್ದೆ. ಅಕ್ಕನ ಲೆಕ್ಕ ಅವತ್ತೇ ತೀರಿತು. ನನಗೆ ಆ ಮಾತು ಇನ್ನೂ ಬೇಕು, ಕೊಡಬೇಕಾದವರೇ ಹೋಗಿಬಿಟ್ಟರು.